ಎರಡು ಚೀಟಿಗಳು

"ನಿಮ್ಮ ಗಂಡನ ಹಡಗು ಆಂಬಾಯ್ ಬಂದರು ಬಿಟ್ಟಿದ್ದು ಸಾವಿರದ ಏಳುನೂರ ತೊಂಬತ್ತಮೂರನೇ ಇಸವಿ ಅಕ್ಟೋಬರ್ ಒಂಬತ್ತು. ಅಲ್ವೇನಮ್ಮ?" ಎಂದು ಕೇಳಿದ ಪಿಯರ್ಸನ್, ಉತ್ತರಕ್ಕೆ ಕಾಯದೆ ಬೆರಳು ಮಡಚತೊಡಗಿದ. "ತೊಂಬತ್ನಾಲ್ಕು, ತೊಂಬತ್ತೈದು, ತೊಂಬತ್ತಾರು..." ಚರ್ಮ ಹದ ಮಾಡುವ ಕಸುಬಿನವನು, ಉಗುರುಗಳೆಲ್ಲ ಕಂದುಗಟ್ಟಿದ್ದವು. ಒಂದು ಕೈ ಮುಗಿದು ಇನ್ನೊಂದು ಕೈಯ ಎರಡನೇ ಬೆರಳಿಗೆ ಬಂದಾಗ ನಿಲ್ಲಿಸಿದ. "ನೋಡಿ. ಮೊನ್ನೆ ಗುರುವಾರಕ್ಕೆ ಏಳು ವರ್ಷ ತುಂಬಿತು."

ತಿರ್ಜಾ ಅವನ ಬೆರಳುಗಳನ್ನಲ್ಲ, ಅವನು ಕುಳಿತಿದ್ದ ಕುರ್ಚಿಯನ್ನು ನೋಡುತ್ತಿದ್ದಳು. ಅದು ಗಂಡ ಜೋಥಮ್‌ನ ಕುರ್ಚಿ. ಕಿಟಕಿ ಪಕ್ಕದ ಇನ್ನೊಂದರಲ್ಲಿ ಕೂರಿ ಎನ್ನಬೇಕೆಂದು ಅವನು ಒಳಗೆ ಬಂದಾಗಲೇ ಅಂದುಕೊಂಡಿದ್ದಳು. ಅನ್ನುವಷ್ಟರಲ್ಲಿ ಕುಳಿತುಬಿಟ್ಟಿದ್ದ. ಏಪ್ರಿಲ್ ತಿಂಗಳಿನಿಂದ ಈ ಅಡುಗೆಮನೆಯಲ್ಲಿ ಯಾರೂ ಕುಳಿತು ಮಾತಾಡಿರಲಿಲ್ಲ. ಅವನ ಲೋಟದಲ್ಲಿ ಸೇಬಿನ ಮದ್ಯ ಇನ್ನೂ ಅರ್ಧ ಇದ್ದರೂ ಮತ್ತೆ ಸುರಿದಳು.

"ಸಾಕು, ಸಾಕು. ಇನ್ನೂ ಆರು ಮನೆ ಹೋಗ್ಬೇಕು," ಎಂದ ಪಿಯರ್ಸನ್. "ಕಾನೂನು ಏನು ಹೇಳುತ್ತೆ ಅಂದ್ರೆ, ಸಮುದ್ರಕ್ಕೆ ಹೋದವನ ಸುದ್ದಿ ಏಳು ವರ್ಷ ಬರಲಿಲ್ಲ ಅಂದ್ರೆ ಅವನು ಇಲ್ಲ ಅಂತ. ಈ ಮನೆ, ಹಿತ್ತಲು ಎಲ್ಲ ನಿಮ್ಮಪ್ಪ ಬಿಟ್ಟು ಹೋಗಿದ್ದು. ವೋಟಿಗೆ ಬೇಕಾದ ಐವತ್ತು ಪೌಂಡಿನ ಆಸ್ತಿಗೆ ಮೋಸ ಇಲ್ಲ. ಮೊನ್ನೆ ಬುಧವಾರದವರೆಗೂ ನೀವು ಒಬ್ಬನ ಹೆಂಡತಿ, ವೋಟಿಲ್ಲ. ಈಗ ನೀವು ಈ ಊರಿನ ಮತದಾರಳು. ನ್ಯೂಜೆರ್ಸಿ ಬಿಟ್ರೆ ಇಂಥಾ ಹಕ್ಕು ಹೆಂಗಸರಿಗೆ ಬೇರೆ ಯಾವ ರಾಜ್ಯದಲ್ಲೂ ಇಲ್ಲ, ಗೊತ್ತಲ್ಲ?"

"ಅಲ್ಲಿ ನಾನೇನು ಹೇಳ್ಬೇಕು?"

"ಏನೂ ಇಲ್ಲ. ನಾನು ಕೊಡೋ ಚೀಟಿ ಪೆಟ್ಟಿಗೆಗೆ ಹಾಕೋದು. ನಮ್ಮ ಫೆಡರಲ್ ಪಕ್ಷದವರು ಶಾಸನಸಭೆಗೆ ಹೋದ್ರೆ, ಅಧ್ಯಕ್ಷರನ್ನ ಆರಿಸೋರನ್ನ ಅವರೇ ಆರಿಸ್ತಾರೆ. ರಿಪಬ್ಲಿಕನ್ನರ ಆ ವರ್ಜೀನಿಯಾದವನು ಅಧ್ಯಕ್ಷ ಆಗಬಾರದು ಅಂದ್ರೆ ಈ ಸಲ ಒಂದೊಂದು ವೋಟೂ ಬೇಕು. ಯಾರಾದ್ರೂ ಕೇಳಿದ್ರೆ ವಿಧವೆ ಅಂತ ಹೇಳಿ, ಅಷ್ಟೇ."

ಅವಳು ಲೋಟದ ಕೆಳಗಿನ ಒದ್ದೆ ಗುರುತನ್ನು ಏಪ್ರನ್ನಿನ ಅಂಚಿನಿಂದ ಒರೆಸಿದಳು. "ಮತ್ತೆ ಭಾನುವಾರದ ಚೀಟಿ?"

"ಅದು ಪಾದ್ರಿಗಳ ವಿಷಯ, ನಂದಲ್ಲ," ಎನ್ನುತ್ತ ಪಿಯರ್ಸನ್ ಎದ್ದ. ಜೇಬಿನಿಂದ ಕಪ್ಪು ರಿಬ್ಬನ್ನಿನ ಹೂವೊಂದನ್ನು ತೆಗೆದು ಮೇಜಿನ ಮೇಲಿಟ್ಟ. ಅದು ಅವರ ಪಕ್ಷದ ಗುರುತು. "ನಾಳೆ ಹತ್ತು ಗಂಟೆಗೆ ಗಾಡಿ ಬರುತ್ತೆ. ಇದನ್ನ ಎದೆ ಮೇಲೆ ಕಾಣೋ ಹಾಗೆ ಚುಚ್ಕೊಳ್ಳಿ."

ಅವನು ಹೋದ ಮೇಲೆ ತಿರ್ಜಾ ಕುರ್ಚಿಯನ್ನು ಮೊದಲಿನ ಜಾಗಕ್ಕೆ, ಹಾಸುಗಲ್ಲಿನ ಗೆರೆಗೆ ಸರಿಯಾಗಿ ಸರಿಸಿದಳು.

ಭಾನುವಾರದ ಚೀಟಿ ಅವಳಿಗೆ ಊಟ ನಿದ್ದೆಯಷ್ಟೇ ರೂಢಿಯಾಗಿತ್ತು. ಚರ್ಚಿನ ಬಾಗಿಲ ಬಳಿ ಒಂದು ಮರದ ಬಟ್ಟಲಿತ್ತು. ಕಾಯಿಲೆಯವರು, ಬಾಣಂತಿಯರು, ಪ್ರಯಾಣ ಹೊರಟವರು, ಅವರವರ ಮನೆಯವರು ಪ್ರಾರ್ಥನೆ ಕೋರಿ ಅದರಲ್ಲಿ ಚೀಟಿ ಹಾಕುತ್ತಿದ್ದರು. ಉಪದೇಶಕ್ಕೆ ಮೊದಲು ಪಾದ್ರಿಗಳು ಒಂದೊಂದಾಗಿ ಓದುವರು. ಯಾರ ಚೀಟಿಯೋ ಅವರು ಎದ್ದು ನಿಲ್ಲುವರು. ಉಳಿದವರು ತಲೆ ಬಾಗಿಸುವರು. 'ಸಮುದ್ರದ ಮೇಲಿರುವ ತನ್ನ ಗಂಡ ಜೋಥಮ್ ಹಾಲ್ಸಿ ಸುಖವಾಗಿ ಮರಳಲೆಂದು ತಿರ್ಜಾ ಹಾಲ್ಸಿ ಕೋರುತ್ತಾಳೆ.' ಏಳು ವರ್ಷ, ಪ್ರತಿ ಭಾನುವಾರ, ಇವೇ ಮಾತುಗಳು. ಕಾಗದ ಹಳೆಯದಾದರೆ ಹೊಸದರಲ್ಲಿ ಬರೆಯುವಳು.

ಗಂಡ ಬದುಕಿದ್ದಾನೆಂದು ನಂಬಿದ್ದಳೇ ಎಂದು ಅವಳನ್ನು ಯಾರೂ ಕೇಳಿರಲಿಲ್ಲ. ಜೋಥಮ್ ಪೀಪಾಯಿ ಮಾಡುವವನು. ಗೋಧಿಹಿಟ್ಟು ತುಂಬಿದ ಹಡಗಿನಲ್ಲಿ ಲಿಸ್ಬನ್ನಿಗೆ ಹೋಗಿದ್ದ. ಅಲ್ಜಿಯರ್ಸಿನ ಕಡಲುಗಳ್ಳರು ಹಿಡಿದರೆಂದು ಕೆಲವರು, ಬಿರುಗಾಳಿ ನುಂಗಿತೆಂದು ಕೆಲವರು. ಆ ಕಳ್ಳರ ಸೆರೆಯಿಂದ ಬಿಡಿಸಿಕೊಂಡು ಬಂದವರ ಹೆಸರುಗಳು ಪತ್ರಿಕೆಯಲ್ಲಿ ಬಂದಾಗ, ಗೆಳತಿ ಡಾರ್ಕಸ್ ಟಟಲ್ ಇದೇ ಅಡುಗೆಮನೆಯಲ್ಲಿ ಕುಳಿತು ಆ ಪಟ್ಟಿಯನ್ನು ಗಟ್ಟಿಯಾಗಿ ಓದಿದ್ದಳು. ಮುಗಿದ ಮೇಲೆ ಮತ್ತೆ ಮೊದಲಿನಿಂದ ಓದಿದ್ದಳು.

ಡಾರ್ಕಸ್ ಮದುವೆಯಾಗದವಳು, ಊರಿನವರ ಟೋಪಿ ಹೊಲಿಯುವವಳು. ಮೊದಲ ಐದು ವರ್ಷ ಅವಳು ಚರ್ಚಿನಲ್ಲಿ ತಿರ್ಜಾಳ ಪಕ್ಕದಲ್ಲೇ ಕೂರುತ್ತಿದ್ದಳು. ಜೋಥಮ್‌ನ ಚೀಟಿ ಓದಿದಾಗ ತಾನೂ ಎದ್ದು ನಿಲ್ಲುತ್ತಿದ್ದಳು. "ನಿಂಗ್ಯಾಕೆ?" ಎಂದು ತಿರ್ಜಾ ಒಮ್ಮೆ ಕೇಳಿದ್ದಕ್ಕೆ, "ಕೂತೂ ಕೂತೂ ಕಾಲು ಜೋಮು ಹಿಡಿಯುತ್ತೆ ಕಣೆ," ಅಂದಿದ್ದಳು.

ಎರಡು ವರ್ಷದ ಹಿಂದೆ, ಫ್ರಾನ್ಸಿನ ಜೊತೆ ಯುದ್ಧವಾಗುತ್ತದೆಂದು ಊರೆಲ್ಲ ಕೂಗಾಡುತ್ತಿದ್ದ ಬೇಸಿಗೆಯಲ್ಲಿ, ಡಾರ್ಕಸಳ ಅಣ್ಣ ಆಮ್ಜಿ ತನ್ನ ಕಮ್ಮಾರಸಾಲೆಯ ಮುಂದೆ ರಿಪಬ್ಲಿಕನ್ ಪಕ್ಷದ ಸ್ವಾತಂತ್ರ್ಯಕಂಬ ನೆಟ್ಟ. ಬೆಳಗಾಗುವುದರೊಳಗೆ ಪಿಯರ್ಸನ್ ಕಡೆಯವರು ಅದನ್ನು ಕಡಿದು ಹಾಕಿದ್ದರು. ಅಲ್ಲಿಂದ ಊರಿನಲ್ಲಿ ಎಲ್ಲವೂ ಎರಡಾಯಿತು: ಎರಡು ಹೆಂಡದಂಗಡಿ, ಇಬ್ಬರು ವೈದ್ಯರು, ಚರ್ಚಿನಲ್ಲಿ ಎಡಗಡೆಯವರು ಬಲಗಡೆಯವರು. ಆ ವಾರ ಚರ್ಚಿನ ಬಾಗಿಲಲ್ಲಿ ಪಿಯರ್ಸನ್ನನ ಹೆಂಡತಿ ಒಂದು ಕಪ್ಪು ರಿಬ್ಬನ್ ಕೊಟ್ಟಳು. ಬೇಡವೆನ್ನುವುದು ಹೇಗೆಂದು ತಿಳಿಯದೆ ತಿರ್ಜಾ ತೆಗೆದುಕೊಂಡಳು. ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದಳು, ಡಾರ್ಕಸ್ ನೋಡಿದಳು. ಮುಂದಿನ ಭಾನುವಾರ ಡಾರ್ಕಸ್ ಆಚೆ ಸಾಲಿಗೆ, ಅಣ್ಣನ ಮನೆಯವರ ಬೆಂಚಿಗೆ ಹೋದಳು. ಹಳೇ ಬೆಂಚು, ಯಾರು ಎದ್ದರೂ ಕಿರ್ರೆನ್ನುತ್ತಿತ್ತು. ತಿರ್ಜಾ ಅವತ್ತಿನಿಂದ ಒಬ್ಬಳೇ ನಿಂತಳು.

ಮಂಗಳವಾರ ಗಾಡಿ ಹತ್ತಕ್ಕೆ ಬರಲಿಲ್ಲ. ಎಂಟೂವರೆಗೇ ತಯಾರಾಗಿ ಕುಳಿತಿದ್ದ ತಿರ್ಜಾ ನಾಲ್ಕು ಸಲ ಬಾಗಿಲಿಗೆ ಬಂದು ನೋಡಿದಳು. ತನ್ನನ್ನು ಮರೆತರೆಂದು ಒಮ್ಮೆ, ಮರೆತರೆ ಒಳ್ಳೆಯದೆಂದು ಒಮ್ಮೆ ಅನ್ನಿಸಿತು. ಹತ್ತೂಮುಕ್ಕಾಲಿಗೆ ಗಾಲಿಯ ಸದ್ದು ಕೇಳಿದಾಗ ಎದ್ದು ಹೊರಗೆ ಬಂದು ಬಾಗಿಲು ಎಳೆದುಕೊಂಡಳು.

ಗಾಡಿಯಲ್ಲಿ ಆಗಲೇ ಇಬ್ಬರಿದ್ದರು: ಹೊಳೆದಂಡೆಯ ಫೀಬಿ ಕೋ, ಮತ್ತೆ ಕಿವಿ ಕೇಳದ ವ್ಯಾನ್‌ಡೋರ್ನ್ ಅಜ್ಜಿ. ಮೂರು ಜನ ಗಂಡಂದಿರನ್ನು ಮಣ್ಣು ಮಾಡಿದವಳೆಂದು ಫೀಬಿಗೆ ಹೆಸರಿತ್ತು. ಊರಿಗೆಲ್ಲ ಅವಳು ಫೀಬಿಯಕ್ಕ.

"ಬಾರೇ ತಾಯಿ, ಬಾ, ನನ್ನ ಪಕ್ಕ ಕೂತ್ಕೋ," ಎಂದು ಫೀಬಿಯಕ್ಕ ಲಂಗ ಒತ್ತರಿಸಿಕೊಂಡು ಜಾಗ ಮಾಡಿದಳು. "ಮುನ್ನೂರ ಅರವತ್ನಾಲ್ಕು ದಿನ ಈ ಪಿಯರ್ಸನ್ ನಮ್ಮನ್ನ ಕಂಡ್ರೆ ಟೋಪಿ ಮುಟ್ಟಲ್ಲ. ಇವತ್ತು ನೋಡು, ಕೈ ಹಿಡಿದು ಹತ್ತಿಸ್ತಾನೆ. ನನ್ನ ಮೂರನೇ ಗಂಡ ಮದುವೆ ದಿನಾನೂ ಇಷ್ಟು ಮರ್ಯಾದೆ ಮಾಡಲಿಲ್ಲ."

"ಕೇಳಿಸ್ತಿದೆ ಫೀಬಿಯಕ್ಕ," ಎಂದ ಮುಂದೆ ಕುಳಿತಿದ್ದ ಪಿಯರ್ಸನ್.

"ಕೇಳಿಸ್ಲಿ ಅಂತಾನೇ ಹೇಳಿದ್ದು ಮಹರಾಯ."

ಅಜ್ಜಿ ತಿರ್ಜಾಳ ಎದೆಯ ಮೇಲಿನ ಕಪ್ಪು ಹೂವನ್ನೇ ನೋಡುತ್ತಿದ್ದವಳು ಬಾಗಿ ಕೇಳಿದಳು: "ಯಾರು ಹೋಗ್ಬಿಟ್ರು ಮಗಳೇ?"

"ಯಾರೂ ಹೋಗಿಲ್ಲ ಅಜ್ಜಿ!" ಎಂದು ಫೀಬಿಯಕ್ಕ ಅವಳ ಕಿವಿಯಲ್ಲಿ ಕಿರುಚಿದಳು. "ವೋಟು! ವೋಟು! ನೀನೂ ಚುಚ್ಕೊಂಡಿದೀಯ, ನೋಡ್ಕೋ!" ಆಮೇಲೆ ತಿರ್ಜಾಳ ಕಡೆ ತಿರುಗಿ ದನಿ ತಗ್ಗಿಸಿದಳು. "ಆ ವರ್ಜೀನಿಯಾದವನು ಗೆದ್ರೆ ಮನೆಮನೆ ಬೈಬಲ್ ಹುಡುಕಿ ಸುಡಿಸ್ತಾನಂತೆ ಕಣೆ. ನಾನು ನಮ್ಮನೇದನ್ನ ಹಿಟ್ಟಿನ ಪೀಪಾಯೊಳಗೆ ಹೂತಿಟ್ಟಿದೀನಿ."

"ದಿನಾ ಓದ್ತಿದ್ರಾ ಅಕ್ಕ?"

"ಓದೋದೆಲ್ಲಿ ಬಂತು, ಕನ್ನಡಕ ಒಡೆದು ಮೂರು ವರ್ಷ ಆಯ್ತು. ಆದ್ರೂ ನಂದು ಅನ್ನೋದು ನಂದಲ್ವಾ?"

ತಿರ್ಜಾಗೆ ನಗು ಬಂತು. ತನ್ನ ನಗುವಿನ ಸದ್ದು ತನಗೇ ಅಪರಿಚಿತವೆನಿಸಿ ಬಾಯಿಗೆ ಕೈ ಅಡ್ಡ ಹಿಡಿದಳು. ಫೀಬಿಯಕ್ಕ ಶುಂಠಿರೊಟ್ಟಿ ಮುರಿದು ಕೊಟ್ಟಳು. ಗಾಡಿ ತಿರುವಿನಲ್ಲಿ ವಾಲಿದಾಗ ಮೂವರೂ ಒಬ್ಬರ ಮೇಲೊಬ್ಬರು ಬಿದ್ದರು. ಬೇರೊಂದು ಮೈಯ ಬಿಸಿ ತೋಳಿಗೆ ತಾಗಿದ್ದು ಯಾವ ಕಾಲದಲ್ಲೋ. ದಾರಿ ಇನ್ನೂ ಒಂದು ಮೈಲಿ ಉದ್ದವಿದ್ದರೆ ಚೆನ್ನಾಗಿತ್ತು ಎಂದುಕೊಂಡಳು.

ಮತದಾನ ನಡೆಯುತ್ತಿದ್ದದ್ದು ಛತ್ರದ ದೊಡ್ಡ ಕೋಣೆಯಲ್ಲಿ. ಹೊಗೆಸೊಪ್ಪು, ಒದ್ದೆ ಉಣ್ಣೆ, ಚೆಲ್ಲಿದ ರಮ್ಮು ಎಲ್ಲ ಸೇರಿದ ವಾಸನೆ. ಬಾಗಿಲಿಂದ ಮೇಜಿನವರೆಗೆ ಎರಡು ಗುಂಪು ಎರಡು ಗೋಡೆಗೆ ಒರಗಿ ನಿಂತು, ನಡುವೆ ಒಬ್ಬರು ನಡೆಯುವಷ್ಟು ದಾರಿ ಬಿಟ್ಟಿದ್ದವು. ಮೇಜಿನ ಹಿಂದೆ ಹಿಟ್ಟಿನ ಗಿರಣಿಯ ವುಡ್‌ರಫ್, ಈ ಸಲದ ಚುನಾವಣಾಧಿಕಾರಿ. ಅವನ ಮುಂದೆ ಪೆಟ್ಟಿಗೆ, ಪಕ್ಕದಲ್ಲಿ ಬೈಬಲ್. ಬಲಗಡೆಯ ಗುಂಪಿನಲ್ಲಿ ಆಮ್ಜಿ ಟಟಲ್ ತೋಳು ಕಟ್ಟಿ ನಿಂತಿದ್ದ. ಅವನ ಹಿಂದೆ, ತನ್ನ ಪಕ್ಷದ ಚೀಟಿ ಹಿಡಿದು ಸರದಿಗಾಗಿ ಕಾಯುತ್ತ, ಡಾರ್ಕಸ್.

ಫೀಬಿಯಕ್ಕ ಹಾಕಿ ಬಂದಳು. ಅಜ್ಜಿಯನ್ನು ಪಿಯರ್ಸನ್ ನಡೆಸಿಕೊಂಡು ಹೋಗಿ ಹಾಕಿಸಿದ. ತಿರ್ಜಾ ಮೇಜಿನ ಮುಂದೆ ನಿಂತು ಚೀಟಿ ಚಾಚಿದಾಗ, "ಆಕ್ಷೇಪಣೆ ಇದೆ," ಎಂದ ಆಮ್ಜಿ.

"ಏನಪ್ಪ ನಿಂದು?" ವುಡ್‌ರಫ್ ತಲೆಯೆತ್ತಿದ.

"ಗಂಡ ಇರೋ ಹೆಂಗಸಿಗೆ ವೋಟಿಲ್ಲ."

"ಏಳು ವರ್ಷ ಆಯ್ತು ಕಣೋ!" ಪಿಯರ್ಸನ್ ಕೂಗಿದ. "ಕಾನೂನು ಓದ್ಕೊಂಡು ಬಾ!"

"ಕಾನೂನು ಇರಲಿ ಸ್ವಾಮಿ. ಮೊನ್ನೆ ಭಾನುವಾರ ಚರ್ಚಲ್ಲಿ ಇದ್ರೋ ಇಲ್ವೋ ನೀವು? ಜೋಥಮ್ ಸುಖವಾಗಿ ಬರ್ಲಿ ಅಂತ ಪಾದ್ರಿಗಳು ಚೀಟಿ ಓದಿದ್ರು. ಈಯಮ್ಮ ಎದ್ದು ನಿಂತ್ರು. ನಾನೂ ತಲೆ ಬಗ್ಗಿಸ್ದೆ, ನೀವೂ ಬಗ್ಗಿಸಿದ್ರಿ. ಗುರುವಾರಾನೇ ಸತ್ತೋಗಿದ್ರೆ ಭಾನುವಾರ ನಾವು ಯಾರಿಗೋಸ್ಕರ ಬೇಡ್ಕೊಂಡಿದ್ದು? ಸತ್ತೋರಿಗೋಸ್ಕರ ಪ್ರಾರ್ಥನೆ ಮಾಡೋದು ಪೋಪನ ಕಡೆಯೋರು. ನಮ್ಮ ಚರ್ಚು ಯಾವಾಗ ಆ ಕಡೆ ಸೇರ್ತು, ಹೇಳಿ!"

ಬಲಗಡೆ ಗೊಳ್ಳೆಂದು ನಕ್ಕರು. ಎಡಗಡೆಯಲ್ಲೂ ಒಬ್ಬಿಬ್ಬರು ನಗು ತಡೆದುಕೊಂಡರು. ತಿರ್ಜಾಳ ಕೈ ಚಾಚಿದಲ್ಲೇ ಇತ್ತು. ಆಮ್ಜಿ ಹೇಳಿದ್ದು ನಿಜವೆಂದು ಅವಳಿಗೆ ಆಗ ಹೊಳೆಯಿತು. ಸತ್ತವರಿಗೆ ಚೀಟಿ ಇಲ್ಲ. ಇಲ್ಲಿ ಒಂದು ಮಾತು ಹೇಳಿದರೆ ಮುಂದಿನ ಭಾನುವಾರ ಎದ್ದು ನಿಲ್ಲುವಂತಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ.

"ನನ್ನ ತಂಗೀನೇ ಕೇಳಿ," ಎಂದ ಆಮ್ಜಿ. "ಈಯಮ್ಮನ ಮನೆ ಒಳಗೂ ಹೊರಗೂ ಅವಳಿಗೆ ಗೊತ್ತು. ಹೇಳೇ ಡಾರ್ಕಸ್. ಗಂಡ ಬರ್ತಾನೆ ಅಂತ ಕಾಯ್ತಿದಾರೋ ಇಲ್ವೋ?"

ಕೋಣೆಯೆಲ್ಲ ಆ ಕಡೆ ತಿರುಗಿತು. ಎರಡು ವರ್ಷದ ಮೇಲೆ ಮೊದಲ ಸಲ ಡಾರ್ಕಸ್ ಅವಳನ್ನು ನೇರವಾಗಿ ನೋಡಿದಳು. ತಿರ್ಜಾ ಹಿತ್ತಲ ಬಾಗಿಲಿನ ಅಗುಳಿ ಹಾಕದೆ ಮಲಗುವುದು ಡಾರ್ಕಸಳಿಗೆ ಗೊತ್ತು. ಜೋಥಮ್‌ನ ಬೂಟಿಗೆ ವರ್ಷಕ್ಕೆರಡು ಸಲ ಎಣ್ಣೆ ಸವರುವುದು ಗೊತ್ತು. ಹೇಳಿಬಿಡಲಿ ಎಂದು ತಿರ್ಜಾಗೆ ಒಂದು ಕ್ಷಣ ಅನ್ನಿಸಿತು. ಅವಳು ಹೇಳಿದರೆ ತಾನು ಹೇಳುವುದು ತಪ್ಪುತ್ತದೆ. ಸುಮ್ಮನೆ ಮನೆಗೆ ಹೋಗಬಹುದು.

"ಅವಳ ಗಂಡನ ವಿಷಯ ನನ್ನನ್ಯಾಕೆ ಕೇಳ್ತೀಯ?" ಎಂದಳು ಡಾರ್ಕಸ್ ಅಣ್ಣನಿಗೆ. "ಅವಳು ಅಲ್ಲೇ ನಿಂತಿಲ್ವಾ, ಅವಳನ್ನೇ ಕೇಳು."

ವುಡ್‌ರಫ್ ಬೈಬಲನ್ನು ಮುಂದೆ ತಳ್ಳಿದ. "ಪ್ರಮಾಣ ಮಾಡಮ್ಮ, ಮುಗಿದುಹೋಗುತ್ತೆ. ನಿನ್ನ ಗಂಡ ಜೋಥಮ್ ಹಾಲ್ಸಿ ಏನಾದ?"

ತಿರ್ಜಾ ಕೈ ಇಟ್ಟಳು. ಚರ್ಮದ ಹೊದಿಕೆ ಬೆವರಿನಿಂದ ಜಿಡ್ಡಾಗಿತ್ತು. "ಅವನು ಬರಲ್ಲ," ಎಂದಳು.

"ಬರಲ್ಲ ಅಂದ್ರೆ ಆಗಲ್ಲಮ್ಮ. ಬರದೇ ಇರೋರು ಬಹಳ ಜನ ಇದಾರೆ. ಇದಾನೋ, ಸತ್ತಿದಾನೋ?"

ಬಾಗಿಲ ಬಳಿ ಫೀಬಿಯಕ್ಕ ಕಾಯುತ್ತಿದ್ದಳು. ಪಿಯರ್ಸನ್ ಕಣ್ಣಲ್ಲೇ ತಳ್ಳುತ್ತಿದ್ದ. ಹಿಂದೆ ಸಾಲಿನಲ್ಲಿ ಯಾರೋ ಬೇಸರದಿಂದ ಬೂಟು ಕುಟ್ಟಿದರು. ಇಷ್ಟು ಜನ ತನ್ನ ಒಂದು ಮಾತಿಗಾಗಿ ಸುಮ್ಮನಿದ್ದದ್ದು ಅವಳ ಬದುಕಿನಲ್ಲೇ ಇರಲಿಲ್ಲ. ಇಲ್ಲವೆಂದು ತಿರುಗಿ ಹೊರಟರೆ ಆ ನಡುದಾರಿಯಲ್ಲಿ ಎರಡೂ ಕಡೆಯವರ ನಡುವೆ ಒಬ್ಬಳೇ ನಡೆಯಬೇಕು. ಹೆಂಡತಿಯಲ್ಲ, ವಿಧವೆಯಲ್ಲ, ಯಾರ ಕಡೆಯವಳೂ ಅಲ್ಲ.

"ಸತ್ತಿದಾನೆ," ಎಂದಳು.

ಚೀಟಿ ಪೆಟ್ಟಿಗೆಯ ತಳ ಮುಟ್ಟಿದ ಸದ್ದು ಅವಳಿಗೆ ಕೇಳಿಸಿತು. "ಮುಂದಿನವರು," ಎಂದ ವುಡ್‌ರಫ್.

ಅವಳು ಹೊರಗೆ ಬರುವಷ್ಟರಲ್ಲಿ ಗಾಡಿ ಹೊರಟುಹೋಗಿತ್ತು. ಫೀಬಿಯಕ್ಕನನ್ನೂ ಅಜ್ಜಿಯನ್ನೂ ಮನೆಗೆ ಬಿಟ್ಟು, ಮೇಲಿನೂರಿನ ಮತ್ತೆ ಮೂವರನ್ನು ಕರೆತರಲು ಹೋಗಿತ್ತು. "ಅರ್ಧ ಗಂಟೆ ಕಾಯ್ತೀರಾ?" ಎಂದು ಪಿಯರ್ಸನ್ ಕೇಳಿದ, ಕೇಳುತ್ತಲೇ ಬೇರೆ ಯಾರನ್ನೋ ಕಂಡು ಅತ್ತ ಹೋದ. ತಿರ್ಜಾ ನಡೆದುಕೊಂಡು ಬಂದಳು. ಹೊಲಗಳಲ್ಲಿ ಜೋಳದ ದಂಟುಗಳನ್ನು ಕಟ್ಟಿ ನಿಲ್ಲಿಸಿದ್ದರು.

ಮನೆಗೆ ಬಂದವಳು ಮೊದಲು ಕಾಫಿ ಹುರಿದಳು. ಒಳಕೋಣೆಯಿಂದ ಎರಡು ಕುರ್ಚಿ, ಹಿತ್ತಲಿಂದ ಬೆಂಚು ತಂದು ಅಡುಗೆಮನೆಯ ಗೋಡೆಗುಂಟ ಇಟ್ಟಳು. ಊರಿನಲ್ಲಿ ಸಾವಾದರೆ ಜನ ಬರುತ್ತಾರೆ. ಗಂಡಸರು ಟೋಪಿ ಕೈಯಲ್ಲಿ ಹಿಡಿದು ಐದು ನಿಮಿಷ ಕೂರುತ್ತಾರೆ. ಹೆಂಗಸರು ರೊಟ್ಟಿಯೋ ಕಡುಬೋ ಬಟ್ಟೆಯಲ್ಲಿ ಸುತ್ತಿ ತಂದು, ಒಲೆ ಉರಿಸಿ, ಹೊತ್ತು ಮುಳುಗುವವರೆಗೂ ಇರುತ್ತಾರೆ. ಮಾತೇನೂ ಬೇಕಿಲ್ಲ. ಎದ್ದು ಹೋಗುವಾಗ, "ಒಳ್ಳೇ ಮನುಷ್ಯ," ಅಂದರೆ ಸಾಕು. ಛತ್ರದಲ್ಲಿ ಅಷ್ಟು ಜನ ಕೇಳಿಸಿಕೊಂಡಿದ್ದರು. ಊರೆಲ್ಲ ಈ ಹೊತ್ತಿಗೆ ತಿಳಿದಿರುತ್ತದೆ.

ಮೂರು ಗಂಟೆಯ ಹೊತ್ತಿಗೆ ಗಾಲಿಯ ಸದ್ದಾಯಿತು. ತಿರ್ಜಾ ಏಪ್ರನ್ ಬಿಚ್ಚಿ ಕೂದಲು ಸವರಿಕೊಂಡು ಬಾಗಿಲಿಗೆ ಬಂದಳು. ಗಾಡಿ ತುಂಬ ಹೆಂಗಸರು. ಹಾಡುತ್ತ ಛತ್ರದ ಕಡೆ ಹೋಗುತ್ತಿದ್ದರು. ಅವರ ನಡುವೆ ಮತ್ತೆ ಹತ್ತಿ ಕುಳಿತಿದ್ದ ಫೀಬಿಯಕ್ಕ ಕೈ ಬೀಸಿದಳು. "ಒಳ್ಳೇ ಉತ್ತರ ಕೊಟ್ಟೆ ಕಣೆ! ಆ ಕಮ್ಮಾರನ ಮುಖ ನೋಡ್ಬೇಕಿತ್ತು!"

ಸಂಜೆಯವರೆಗೆ ಇನ್ಯಾರೂ ಬರಲಿಲ್ಲ. ಅವಳು ಕಾಫಿಯನ್ನು ಎರಡು ಸಲ ಬಿಸಿ ಮಾಡಿದಳು. ಬುಧವಾರವೂ ಕುರ್ಚಿಗಳನ್ನು ತೆಗೆಯಲಿಲ್ಲ. ಗುರುವಾರ ಛತ್ರದ ಕಡೆ ತೋಪು ಹಾರಿಸಿದ ಸದ್ದು ಕೇಳಿತು. ಪಿಯರ್ಸನ್ ಕುದುರೆಯ ಮೇಲೆ ಹಾದುಹೋಗುವಾಗ ಬೇಲಿಯಾಚೆಯಿಂದಲೇ ಕೂಗಿದ: "ಗೆದ್ವಿ ಅಮ್ಮ! ಜಿಲ್ಲೆಯಲ್ಲಿ ನಾನೂರ ಹತ್ತು ವೋಟಿನ ಅಂತರ!"

"ನಾನೂರ ಹತ್ತು," ಎಂದಳು ತಿರ್ಜಾ. ಅವನು ಆಗಲೇ ಮುಂದೆ ಹೋಗಿದ್ದ. ಒಳಗೆ ಬಂದು ಬೆಂಚನ್ನು ಹಿತ್ತಲಿಗೆ ಎಳೆದುಕೊಂಡು ಹೋದಳು.

ಭಾನುವಾರ ತನ್ನ ಅಮ್ಮನ ಕಪ್ಪು ಶಾಲು ಹೊದ್ದು ಚರ್ಚಿಗೆ ಹೋದಳು. ಮೆಟ್ಟಿಲಲ್ಲಿ ಆಮ್ಜಿಯ ಹೆಂಡತಿ ಪಕ್ಕದವಳಿಗೆ ಕೇಳುವಂತೆಯೇ ಅಂದಳು: "ಗೆದ್ದು ಮೂರು ದಿನ ಆದ್ರೂ ಕಪ್ಪು ಬಿಚ್ಚಲಿಲ್ಲ ನೋಡು, ಏನು ಜಂಬ!" ಬಾಗಿಲ ಬಳಿಯ ಮರದ ಬಟ್ಟಲಿನ ಮುಂದೆ ತಿರ್ಜಾ ಒಂದು ಗಳಿಗೆ ನಿಂತಳು. ಹಳೆಯ ಚೀಟಿ ಕೈಗವಸಿನೊಳಗೆ ಅಂಗೈಗೆ ಒತ್ತುತ್ತಿತ್ತು. ಅದು ಅಲ್ಲೇ ಇರಲಿ ಎಂದು ಒಳಗೆ ನಡೆದಳು.

ಪಾದ್ರಿಗಳು ಚೀಟಿಗಳನ್ನು ತೆಗೆದುಕೊಂಡರು. ಹೊಳೆದಂಡೆಯ ಮಗುವಿನ ಜ್ವರ. ಒಂದು ಹೆರಿಗೆ; ಕೃತಜ್ಞತೆ. ಒಹಾಯೊ ಕಡೆ ಹೊರಟ ಒಂದು ಸಂಸಾರ. ಮೂವರು ಎದ್ದು ನಿಂತರು, ಕುಳಿತರು. ಕೊನೆಯ ಕಾಗದವನ್ನು ಕೆಳಗಿಟ್ಟು ಪಾದ್ರಿಗಳು ಎಂದಿನಂತೆ ಕನ್ನಡಕ ಸರಿಪಡಿಸಿಕೊಂಡರು. ಏಳು ವರ್ಷ ಆ ಕನ್ನಡಕ ಸರಿಪಡಿಸಿಕೊಂಡ ಮೇಲೆಯೇ ಅವಳ ಚೀಟಿ ಬರುತ್ತಿದ್ದದ್ದು.

ಎದ್ದು ನಿಂತಿದ್ದೇನೆಂದು ತಿರ್ಜಾಗೆ ಗೊತ್ತಾದದ್ದು ಎದುರಿನ ಸಾಲಿನವರು ತಿರುಗಿ ನೋಡಿದಾಗ. ಪಾದ್ರಿಗಳ ಕೈಯಲ್ಲಿ ಕಾಗದವಿರಲಿಲ್ಲ. ಅವರು ಅವಳನ್ನು ನೋಡಿದರು, ಬಾಯಿ ತೆರೆದರು, ಮತ್ತೆ ಬಟ್ಟಲಿನ ಕಡೆ ನೋಡಿದರು. ಎಡಗಡೆ ಯಾರೋ ಗಂಟಲು ಸರಿಮಾಡಿಕೊಂಡರು. ತಿರ್ಜಾ ಕೂರಲಿಲ್ಲ. ಮುಂದಿನ ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಮರದ ಗಂಟೊಂದನ್ನು ನೋಡುತ್ತ ನಿಂತಳು.

ಆಗ ಬಲಗಡೆಯ ಸಾಲಿನಲ್ಲಿ, ಹಿಂದೆ, ಟಟಲ್ ಮನೆಯವರ ಹಳೆಯ ಬೆಂಚು ಕಿರ್ರೆಂದಿತು.

ತಿರ್ಜಾ ತಿರುಗಿ ನೋಡಲಿಲ್ಲ. ತಲೆ ಬಾಗಿಸಿದಳು.